ಕೆಮಿಸ್ಟ್ರಿ ಓದುವ ಮಕ್ಕಳಿಗೆ ಜೀನೋಮ್ ಯಾಕೆ ಬೇಕು? ಬಲ್ಲವರು ಹೇಳಿ

ಮಂಡ್ಯ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕೊನೆ ವರ್ಷದ ಬಿ.ಎಸ್ಸಿ. ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

2018ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅರ್ಧ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ ಬಂತು, ಎಂಜೈಮ್‌ಗಳನ್ನು, ಅಂದರೆ ರಿಯಾಕ್ಷನ್ ನಡೆಸುವ ಪ್ರೋಟೀನ್‌ಗಳನ್ನು, ಹಂತಹಂತವಾಗಿ ತಿದ್ದಿ ಬೆಳೆಸಿದ್ದಕ್ಕೆ. 2020ರಲ್ಲಿ ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್‌ಗೆ. 2024ರಲ್ಲಿ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದವರಿಗೆ, ಹೊಸ ಪ್ರೋಟೀನ್ ಕಟ್ಟಿದವರಿಗೆ. ಇವೆಲ್ಲ ಬಯಾಲಜಿ ತಾನೆ, ಹಾಗಾದರೆ ನಾನು ಎಂ.ಎಸ್ಸಿ. ಕೆಮಿಸ್ಟ್ರಿ ತಗೋಬೇಕಾ, ಬಯೋಟೆಕ್ ತಗೋಬೇಕಾ ಎಂದು ಕೇಳುತ್ತಿದ್ದಾಳೆ.

ನಮ್ಮ ಪಾಠದಲ್ಲಿ ಡಿಎನ್‌ಎ ಬರುವುದು ಕೆಲವೇ ಪುಟ. ಬೇಸ್‌ಗಳ ಹೆಸರು, ಹೈಡ್ರೋಜನ್ ಬಾಂಡ್, ಮುಗಿಯಿತು. ಜೀನೋಮ್ ಮಾಹಿತಿ, ಅಂದರೆ ಒಂದು ಜೀವಿಯ ಡಿಎನ್‌ಎಯಲ್ಲಿ ಬೇಸ್‌ಗಳು ಅಕ್ಷರಗಳ ಹಾಗೆ ಕೂತಿರುವ ಇಡೀ ಸಾಲು, ನಿಜವಾಗಿ ಕೆಮಿಸ್ಟ್ರಿಯ ದಿಕ್ಕು ಬದಲಿಸುತ್ತಿದೆಯಾ, ಅಥವಾ ಪೇಪರಿನವರು ಬರೆಯುವುದಷ್ಟೇನಾ? ಲ್ಯಾಬಿನಲ್ಲಿ, ಕಾರ್ಖಾನೆಯಲ್ಲಿ ಇರುವವರು ಹೇಳಿದರೆ ಉಪಕಾರವಾಗುತ್ತದೆ. ಮೈಸೂರು ವಿವಿಯ ಗಂಗೋತ್ರಿಗೆ ಅರ್ಜಿ ಹಾಕುವ ಮೊದಲು ಅವಳಿಗೆ ತಿಳಿಸಬೇಕು.

ಹೆಬ್ಬಾಳ್_ಹುಡುಗ
ಸಾರ್, ಬಯೋಟೆಕ್ ಬೇಡ. ನಮ್ಮ ಜೊತೆ ಓದಿದವರು ಜಾಸ್ತಿ ಜನ ಈಗ ಬೇರೆಯೇ ಕೆಲಸದಲ್ಲಿದ್ದಾರೆ. ಕೆಮಿಸ್ಟ್ರಿ ಆದರೆ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸವಾದರೂ ಸಿಗುತ್ತದೆ.

ಫಾರ್ಮಾ_ಅಕ್ಕ
ಅವಳು ಕೇಳಿದ್ದು ಕೆಲಸದ ಪ್ರಶ್ನೆ ಮಾತ್ರ ಅಲ್ಲ ಕಣಪ್ಪ. ಮೇಷ್ಟ್ರ ಪೋಸ್ಟ್ ಪೂರ್ತಿ ಓದು.

ಗಂಗೋತ್ರಿ_ಹಳಬ
ಬಯಾಲಜಿ ಬಂದು ಕೆಮಿಸ್ಟ್ರಿಯೊಳಗೆ ನುಗ್ಗಿತು ಎಂದು ಎಲ್ಲರೂ ಹೇಳುತ್ತಾರೆ. ನಡೆದಿದ್ದು ಉಲ್ಟಾ. ಡಿಎನ್‌ಎ ಓದುವುದನ್ನು ಕಲಿಸಿದ್ದೇ ಕೆಮಿಸ್ಟ್ರಿ.

ಫ್ರೆಡ್ರಿಕ್ ಸ್ಯಾಂಗರ್ ಅವರಿಗೆ ಎರಡು ನೊಬೆಲ್ ಬಂತು, 1958 ಮತ್ತು 1980. ಎರಡೂ ಕೆಮಿಸ್ಟ್ರಿಯಲ್ಲೇ. 1977ರಲ್ಲಿ ಅವರು ಕೊಟ್ಟ ವಿಧಾನದ ಜೀವಾಳ ಏನು ಗೊತ್ತಾ? ಸಕ್ಕರೆಯ ಮೂರನೇ ಕಾರ್ಬನ್ ಮೇಲೆ ಇರಬೇಕಾದ ಒಂದು ಓಎಚ್ ತೆಗೆದುಬಿಟ್ಟರು. ಮುಂದಿನ ಅಕ್ಷರ ಅಂಟಿಕೊಳ್ಳಲು ಜಾಗವಿಲ್ಲ, ಸರಪಳಿ ಅಲ್ಲೇ ನಿಲ್ಲುತ್ತದೆ. ಎಲ್ಲಿ ನಿಂತಿತು ಎಂದು ನೋಡಿದರೆ ಅಕ್ಷರ ಗೊತ್ತಾಗುತ್ತದೆ. ಇದು ಬಿ.ಎಸ್ಸಿ. ಹುಡುಗರಿಗೆ ಅರ್ಥವಾಗುವ ಕೆಮಿಸ್ಟ್ರಿ.

ಅದಕ್ಕೂ ಮೊದಲು ಹರಗೋಬಿಂದ್ ಖುರಾನಾ. 1970ರಲ್ಲಿ ಒಂದು ಇಡೀ ಜೀನನ್ನೇ ಲ್ಯಾಬಿನಲ್ಲಿ ಕಟ್ಟಿದರು. ಯೀಸ್ಟ್‌ನ ಒಂದು ಟಿ-ಆರ್‌ಎನ್‌ಎ ಜೀನ್, 77 ಜೋಡಿ ಅಕ್ಷರ. ಅವರು ಪಿಎಚ್‌ಡಿ ಮಾಡಿದ್ದು ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ.

ಈಗ ಜಗತ್ತಿನಲ್ಲಿ ಜಾಸ್ತಿ ನಡೆಯುವ ಜೀನೋಮ್ ಓದು ಕೇಂಬ್ರಿಡ್ಜ್‌ನ ಕೆಮಿಸ್ಟ್ರಿ ವಿಭಾಗದಿಂದ ಬಂದದ್ದು. ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್ಮನ್ 1998ರಲ್ಲಿ ಸೊಲೆಕ್ಸಾ ಎಂಬ ಕಂಪನಿ ಕಟ್ಟಿದರು. 2007ರಲ್ಲಿ ಇಲ್ಯುಮಿನಾ ಅದನ್ನು ಕೊಂಡಿತು. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬಣ್ಣ, ಮತ್ತೆ ಓಎಚ್ ಮೇಲೆ ಅಝಿಡೋಮೀಥೈಲ್ ಎಂಬ ಮುಚ್ಚಳ. ಒಂದು ಅಕ್ಷರ ಸೇರಿದ ಮೇಲೆ ಫೋಟೋ ತೆಗೆಯುತ್ತಾರೆ. ಫಾಸ್ಫೀನ್ ಹಾಕಿ ಮುಚ್ಚಳ ತೆಗೆಯುತ್ತಾರೆ. ಮುಂದಿನ ಅಕ್ಷರ. ಅಝೈಡ್ ಮತ್ತು ಫಾಸ್ಫೀನ್ ಸೇರುವ ಸ್ಟೌಡಿಂಗರ್ ರಿಯಾಕ್ಷನ್ ಪಾಠ ಮಾಡುವಾಗ ಇದನ್ನು ಒಂದು ಸಲ ಹೇಳಿ ನೋಡಿ ಮೇಷ್ಟ್ರೇ, ಕ್ಲಾಸು ಎದ್ದು ಕೂರುತ್ತದೆ.

ಮಂಡ್ಯ_ಮೇಷ್ಟ್ರು
ಹಳಬರೇ, ಇದು ನಾಳೆಯ ಕ್ಲಾಸಿಗೇ ಬರುತ್ತದೆ. ತುಂಬಾ ಥ್ಯಾಂಕ್ಸ್. ಆದರೆ ಇದು ಕೆಮಿಸ್ಟ್ರಿ ಜೀನೋಮ್‌ಗೆ ಕೊಟ್ಟದ್ದು. ಜೀನೋಮ್ ಕೆಮಿಸ್ಟ್ರಿಗೆ ಏನು ಕೊಟ್ಟಿತು?

ನಂಜನಗೂಡು_ಪ್ರೊಸೆಸ್
ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬಲ್ಕ್ ಡ್ರಗ್ ಕಾರ್ಖಾನೆಯಲ್ಲಿ ಪ್ರೊಸೆಸ್ ಕೆಮಿಸ್ಟ್. ನಮ್ಮ ರಿಯಾಕ್ಟರ್‌ನಲ್ಲಿ ಇವತ್ತಿಗೂ ನಡೆಯುವುದು ಗ್ರಿಗ್ನಾರ್ಡ್, ಅಮೈಡ್ ಮಾಡುವುದು, ಸುಜುಕಿ, ಸ್ಫಟಿಕ ಮಾಡುವುದು. ಇಂಟರ್‌ವ್ಯೂಗೆ ಬರುವ ಹುಡುಗರು ಜೀನೋಮಿಕ್ಸ್, ಎಐ ಎಂದೆಲ್ಲ ಹೇಳುತ್ತಾರೆ. ಈಥೈಲ್ ಅಸಿಟೇಟ್ ಮತ್ತು ನೀರನ್ನು ಬೇರೆ ಮಾಡುವಾಗ ಮಧ್ಯೆ ಪದರ ಕಟ್ಟಿಕೊಂಡರೆ ಏನು ಮಾಡುತ್ತೀಯಪ್ಪ ಎಂದರೆ ಉತ್ತರವಿಲ್ಲ. ಮೊದಲು ಕೈ ಪಳಗಲಿ. ಆಮೇಲೆ ಜೀನೋಮ್.

ಫಾರ್ಮಾ_ಅಕ್ಕ
ಅಣ್ಣಾ, ಕೈ ಪಳಗಬೇಕು, ಒಪ್ಪಿದೆ. ಆದರೆ ನಿಮ್ಮದೇ ಕ್ಷೇತ್ರದ ಉದಾಹರಣೆ ಬಿಟ್ಟಿರಲ್ಲ? ಸಿಟಾಗ್ಲಿಪ್ಟಿನ್. ಮಂಡ್ಯ ಮೈಸೂರಿನಲ್ಲಿ ಈ ಶುಗರ್ ಮಾತ್ರೆ ನುಂಗದವರ ಮನೆ ಹುಡುಕುವುದೇ ಕಷ್ಟ.

ಅದನ್ನು ಮೊದಲು ಮಾಡುತ್ತಿದ್ದದ್ದು ರೋಡಿಯಂ ಕ್ಯಾಟಲಿಸ್ಟ್ ಹಾಕಿ, ಜಾಸ್ತಿ ಒತ್ತಡದ ಹೈಡ್ರೋಜನ್ ಕೊಟ್ಟು. ಅಣುವಿಗೆ ಕನ್ನಡಿ ಬಿಂಬದ ಹಾಗೆ ಎಡಗೈ ಬಲಗೈ ರೂಪಗಳಿವೆ, ಬೇಕಾದದ್ದೊಂದೇ ಪೂರ್ತಿ ಸರಿಯಾಗಿ ಬರುತ್ತಿರಲಿಲ್ಲ, ಮತ್ತೆ ಶುದ್ಧ ಮಾಡಬೇಕಿತ್ತು. ಉಳಿದ ರೋಡಿಯಂ ಕೂಡ ತೆಗೆಯಬೇಕು. ಮರ್ಕ್ ಮತ್ತು ಕೋಡೆಕ್ಸಿಸ್ ಕಂಪನಿಗಳು ಸೇರಿ ಒಂದು ಟ್ರಾನ್ಸಮಿನೇಸ್ ಎಂಜೈಮ್ ತಗೊಂಡರು. ಅದು ಈ ಅಣುವಿನ ಮೇಲೆ ಮೊದಲಿಗೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಅದರ ಜೀನ್‌ನಲ್ಲಿ ಅಕ್ಷರ ಬದಲಿಸುತ್ತಾ, ಪರೀಕ್ಷೆ ಮಾಡುತ್ತಾ ಹೋದರು. ಕೊನೆಗೆ 27 ಕಡೆ ಬದಲಾದ ಎಂಜೈಮ್ ಸಿಕ್ಕಿತು. 2010ರಲ್ಲಿ ಪ್ರಕಟವಾಯಿತು. ಇಳುವರಿ ಶೇ. 10ರಿಂದ 13 ಜಾಸ್ತಿ, ಒಟ್ಟು ತ್ಯಾಜ್ಯ ಶೇ. 19 ಕಡಿಮೆ, ಒತ್ತಡದ ಪಾತ್ರೆಯೇ ಬೇಡ, ರೋಡಿಯಂ ಬೇಡ. ಇದು ಪೇಪರಿನ ಸುದ್ದಿ ಅಲ್ಲ ಅಣ್ಣಾ, ಟನ್‌ಗಟ್ಟಲೆ ನಡೆಯುವ ಕೆಲಸ.

ಕಾಳಿದಾಸ_ರಸ್ತೆ
ಓ, ಅದಕ್ಕೇನಾ ನಮ್ಮ ಅಪ್ಪನ ಮಾತ್ರೆ ಬೆಲೆ ಅಷ್ಟು ಇಳಿದದ್ದು?

ಫಾರ್ಮಾ_ಅಕ್ಕ
ಅಲ್ಲ ಸಾರ್. ಬೆಲೆ ಇಳಿದದ್ದು 2022ರ ಜುಲೈನಲ್ಲಿ ಇಲ್ಲಿ ಪೇಟೆಂಟ್ ಮುಗಿದದ್ದಕ್ಕೆ. ಎಷ್ಟೋ ಕಂಪನಿಗಳು ಒಟ್ಟಿಗೆ ಮಾರಲು ಶುರು ಮಾಡಿದವು. ಎರಡೂ ಬೇರೆ ಬೇರೆ ವಿಷಯ.

ನಂಜನಗೂಡು_ಪ್ರೊಸೆಸ್
ಸಿಟಾಗ್ಲಿಪ್ಟಿನ್ ಕಥೆ ಗೊತ್ತು ಅಕ್ಕ. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಪೇಪರಿನಲ್ಲಿ ಬರೆಯದ ಒಂದು ವಿಷಯ ಹೇಳುತ್ತೇನೆ. ಎಂಜೈಮ್ ಹಾಕಿದ ಬ್ಯಾಚ್‌ನಿಂದ ಮಾಲು ತೆಗೆಯುವಾಗ ಪ್ರೋಟೀನ್ ಬಂದು ಎರಡು ದ್ರವದ ನಡುವೆ ಕೂರುತ್ತದೆ. ಗಂಟೆಗಟ್ಟಲೆ ಕಾದರೂ ಬೇರೆಯಾಗುವುದಿಲ್ಲ. ಆಸಿಡ್ ಹಾಕಿ ಪ್ರೋಟೀನ್ ಒಡೆಯಬೇಕು, ಸೀಲೈಟ್ ಪುಡಿಯ ಮೇಲೆ ಸೋಸಬೇಕು, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮೇಲೆ ನಾನು ಕೇಳಿದ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಎಂಜೈಮ್ ಬಂದಷ್ಟೂ ಆ ಪ್ರಶ್ನೆ ಜಾಸ್ತಿ ಬರುತ್ತದೆ. ಈ ಹುಡುಗಿಗೆ ಹೇಳಿ ಮೇಷ್ಟ್ರೇ, ಜೀನ್ ಓದಲು ಬರುವ, ಫಿಲ್ಟರ್ ಕಟ್ಟಿದಾಗ ಬಿಡಿಸಲೂ ಬರುವ ಕೆಮಿಸ್ಟ್ ಸಿಕ್ಕರೆ ನಾವೇ ಮೊದಲು ತಗೊಳ್ಳುತ್ತೇವೆ.

ಹೆಬ್ಬಾಳ್_ಹುಡುಗ
ಅಣ್ಣಾ ಓಪನಿಂಗ್ ಇದೆಯಾ?

ಮಾಡರೇಟರ್
ಕೆಲಸದ ವಿಚಾರಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಹಾಕಿ.

ಮಣ್ಣಿನ_ವಾಸನೆ
ನಾನು ಮಣ್ಣಿನ ಬ್ಯಾಕ್ಟೀರಿಯಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಬಂದವಳು. ಮೇಷ್ಟ್ರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ.

ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕುಟುಂಬ ಇದೆ. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಎಲ್ಲ ಇವುಗಳ ಮನೆಯಿಂದ ಬಂದದ್ದು. ಆನೆಕಾಲು ರೋಗಕ್ಕೆ ಕೊಡುವ ಐವರ್‌ಮೆಕ್ಟಿನ್ ಕೂಡ ಅಷ್ಟೇ. ಜಪಾನಿನ ಮಣ್ಣಿನಿಂದ ಸತೋಶಿ ಓಮುರಾ ತೆಗೆದ ಬ್ಯಾಕ್ಟೀರಿಯಾದ ಅಣುವನ್ನು ಸ್ವಲ್ಪ ಬದಲಿಸಿ ಮಾಡಿದ ಔಷಧಿ ಅದು, 2015ರಲ್ಲಿ ನೊಬೆಲ್ ಬಂತು. ಹಳೇ ಕಾಲದಲ್ಲಿ ಮಣ್ಣು ತಂದು, ಬ್ಯಾಕ್ಟೀರಿಯಾ ಬೆಳೆಸಿ, ರಸ ತೆಗೆದು, ಏನಾದರೂ ಸಿಗುತ್ತಾ ಎಂದು ನೋಡುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ಕಂಪನಿಗಳು ಕೈಬಿಟ್ಟವು.

2002ರಲ್ಲಿ ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಎಂಬುದರ ಇಡೀ ಜೀನೋಮ್ ಓದಿದರು. ಸುಮಾರು 87 ಲಕ್ಷ ಅಕ್ಷರ, 7,825 ಜೀನ್. ದಶಕಗಳಿಂದ ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಅದು. ಬೆರಳೆಣಿಕೆಯಷ್ಟು ಅಣು ಮಾಡುತ್ತದೆ ಎಂದುಕೊಂಡಿದ್ದರು. ಜೀನೋಮ್ ನೋಡಿದರೆ ಇಂಥ ಅಣುಗಳನ್ನು ಮಾಡುವ ಜೀನ್ ಗುಂಪುಗಳು 20ಕ್ಕೂ ಜಾಸ್ತಿ! ಬ್ಯಾಕ್ಟೀರಿಯಾ ಸುಮ್ಮನಿತ್ತು ಅಷ್ಟೇ. ಅಂದರೆ ಯಾರೂ ನೋಡದ ಅಣುಗಳ ವಿಳಾಸ ಮೊದಲು ಸಿಕ್ಕಿತು, ಅಣು ಆಮೇಲೆ.

ಇದರಲ್ಲಿ ಕೆಮಿಸ್ಟ್‌ಗೆ ಏನು ಕೆಲಸ? ಎರಿಥ್ರೋಮೈಸಿನ್ ನೋಡಿ. ಅದನ್ನು ಮಾಡುವ ಮೂರು ದೊಡ್ಡ ಪ್ರೋಟೀನ್‌ಗಳಲ್ಲಿ ಆರು ಘಟಕಗಳಿವೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಹೋಗುತ್ತಾ ಪಾಕ ಆಗುತ್ತದಲ್ಲ, ಹಾಗೆ ಪ್ರತಿ ಘಟಕವೂ ಸರಪಳಿಯನ್ನು ಎರಡು ಕಾರ್ಬನ್‌ನಷ್ಟು ಉದ್ದ ಮಾಡಿ ಮುಂದಕ್ಕೆ ದಾಟಿಸುತ್ತದೆ. ಘಟಕಗಳ ಸಾಲು ಜೀನ್‌ನಲ್ಲೂ ಅದೇ ಕ್ರಮದಲ್ಲಿದೆ. ಆದ್ದರಿಂದ ಜೀನ್ ಓದಿ, ಕಾಗದದ ಮೇಲೆ ಅಣುವಿನ ರಚನೆ ಬರೆಯಬಹುದು. ಅಣುವನ್ನು ಕಣ್ಣಲ್ಲಿ ನೋಡುವ ಮೊದಲೇ!

ನಂಜನಗೂಡು_ಪ್ರೊಸೆಸ್
ಬರೆದದ್ದು ಸರಿ ಎಂದು ಹೇಗೆ ಗೊತ್ತು?

ಮಣ್ಣಿನ_ವಾಸನೆ
ಒಳ್ಳೆಯ ಪ್ರಶ್ನೆ ಅಣ್ಣಾ, ಇಲ್ಲೇ ವಿಷಯ ಇರುವುದು. ಅದೇ ಸೀಲಿಕಲರ್‌ನಲ್ಲಿ ಕಬ್ಬಿಣ ಹಿಡಿಯುವ ಒಂದು ಸಣ್ಣ ಪೆಪ್ಟೈಡ್ ಇರಬೇಕು ಎಂದು 2000ದಲ್ಲಿ ಗ್ರೆಗ್ ಚಾಲಿಸ್ ಮತ್ತು ಜೊತೆಗಾರರು ಜೀನ್ ನೋಡಿ ಹೇಳಿದರು. ಘಟಕ ಮೂರು, ಹಾಗಾಗಿ ಮೂರು ಅಮೈನೋ ಆಸಿಡ್ ಇರಬೇಕು ಎಂಬ ಲೆಕ್ಕ. 2005ರಲ್ಲಿ ಅಣು ಸಿಕ್ಕಿತು, ಸೀಲಿಕೀಲಿನ್ ಎಂದು ಹೆಸರು. ರಚನೆ ಬಿಡಿಸಿ ನೋಡಿದರೆ ಅಮೈನೋ ಆಸಿಡ್ ನಾಲ್ಕು! ಜೀನೋಮ್ ದಾರಿ ತೋರಿಸಿತು, ಅಣುವಿನ ರಚನೆ ಹಿಡಿಯುವ ಎನ್‌ಎಂಆರ್ ಮತ್ತು ಮಾಸ್ ಸ್ಪೆಕ್ಟ್ರಮ್ ಓದಲು ಬರುವವರು ಬೇಕಾಯಿತು. ಇವತ್ತಿಗೂ ಹಾಗೇ. ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಕೊಡುವ ಊಹೆಗೆ ಬರವಿಲ್ಲ. ಅಣುವನ್ನು ಶುದ್ಧವಾಗಿ ತೆಗೆದು ರಚನೆ ಹೇಳುವವರಿಗೆ ಬರ. ಅದಕ್ಕೇ ನಾನು ಕೆಮಿಸ್ಟ್ರಿಯೇ ಓದಲಿ ಎನ್ನುವುದು.

ಪಾಂಡವಪುರ_ಹುಡುಗಿ
ಸಾರ್ ಹೇಳಿದ ವಿದ್ಯಾರ್ಥಿನಿ ನಾನೇ. ಎಲ್ಲರಿಗೂ ಥ್ಯಾಂಕ್ಸ್. ನನಗೆ ಮೆಕ್ಯಾನಿಸಂ ಬಿಡಿಸುವುದು ತುಂಬಾ ಇಷ್ಟ. ಬಾಣ ಹಾಕುತ್ತಾ ಎಲೆಕ್ಟ್ರಾನ್ ಎಲ್ಲಿಗೆ ಹೋಯಿತು ಎಂದು ನೋಡುವುದು. ಜೀನ್, ಎಂಜೈಮ್ ಎಂದರೆ ಬರೀ ಹೆಸರು ಬಾಯಿಪಾಠ ಮಾಡಬೇಕೇನೋ ಎಂಬ ಭಯ. ಅಲ್ಲೂ ಬಾಣಗಳಿಗೆ ಜಾಗ ಇದೆಯಾ ಅಕ್ಕ?

ಮಣ್ಣಿನ_ವಾಸನೆ
ಬಾಣಗಳೇ ಇರುವುದು ಕಣಮ್ಮ. ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ಬರುತ್ತದಲ್ಲ, ಅದರಲ್ಲಿ ಮುಖ್ಯ ಅಣು ಜಿಯೋಸ್ಮಿನ್. ಅದನ್ನೂ ಸ್ಟ್ರೆಪ್ಟೋಮೈಸಿಸ್ ಮಾಡುತ್ತದೆ. 15 ಕಾರ್ಬನ್ ಇರುವ ಫಾರ್ನೆಸಿಲ್ ಡೈಫಾಸ್ಫೇಟ್‌ನಿಂದ ಶುರು. ಜಿಯೋಸ್ಮಿನ್‌ನಲ್ಲಿ 12 ಕಾರ್ಬನ್. ಉಳಿದ ಮೂರು ಎಲ್ಲಿಗೆ ಹೋದವು? ತುಂಬಾ ಕಾಲ ಒಗಟಾಗಿತ್ತು. ಜೀನೋಮ್‌ನಲ್ಲಿ ಆ ಎಂಜೈಮ್‌ನ ಜೀನ್ ಸಿಕ್ಕಿ, ಪ್ರೋಟೀನ್ ಮಾಡಿ, ಒಂದು ಕೊಳವೆಯಲ್ಲಿ ರಿಯಾಕ್ಷನ್ ನಡೆಸಿದ ಮೇಲೆ ಉತ್ತರ ಬಂತು. ಅಸಿಟೋನ್ ಆಗಿ ಹೋಗುತ್ತದೆ! ಮೊದಲು ಜರ್ಮಾಕ್ರಾಡೈಯೆನಾಲ್ ಎಂಬ ಮಧ್ಯದ ಅಣು, ಆಮೇಲೆ ಜಿಯೋಸ್ಮಿನ್, ಈ ಎರಡು ಹಂತವನ್ನೂ ಒಂದೇ ಪ್ರೋಟೀನ್ ಮಾಡುತ್ತದೆ. ಇವತ್ತು ರಾತ್ರಿ ಕೂತು ಜರ್ಮಾಕ್ರಾಡೈಯೆನಾಲ್‌ನಿಂದ ಮುಂದಕ್ಕೆ ಬಾಣ ಹಾಕಿ ನೋಡು. ಅಸಿಟೋನ್ ಬಿಟ್ಟುಹೋಗುವ ಜಾಗ ಸಿಕ್ಕಾಗ ಖುಷಿಯಾಗುತ್ತದೆ.

ಗಂಗೋತ್ರಿ_ಹಳಬ
ಆಹಾ. ಇಂಥದ್ದನ್ನು ನಮಗೆ ಯಾರೂ ಹೇಳಲಿಲ್ಲವಲ್ಲ.

ಕಾಳಿದಾಸ_ರಸ್ತೆ
ಇದೆಲ್ಲ ಪ್ರಕೃತಿ ಮಾಡಿದ್ದನ್ನು ಕಾಪಿ ಹೊಡೆಯುವುದು ಅಲ್ವಾ? ಕೆಮಿಸ್ಟ್ ಹೊಸದಾಗಿ ಏನು ಮಾಡಿದ ಹಾಗಾಯಿತು?

ಫಾರ್ಮಾ_ಅಕ್ಕ
ಯಾವ ಜೀವಿಯೂ ಕಾರ್ಬನ್ ಮತ್ತು ಸಿಲಿಕಾನ್ ನಡುವೆ ಬಾಂಡ್ ಕಟ್ಟುವುದು ಗೊತ್ತಿಲ್ಲ. 2016ರಲ್ಲಿ ಆರ್ನಾಲ್ಡ್ ತಂಡ ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯಾದ ಸೈಟೋಕ್ರೋಮ್ ಪ್ರೋಟೀನ್ ತಗೊಂಡು, ಜೀನ್ ತಿದ್ದಿ, ಆ ಬಾಂಡ್ ಕಟ್ಟಿಸಿತು. ಪ್ರಕೃತಿಯಲ್ಲಿ ಅದು ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನ್. ಇದು ಕಾಪಿ ಹೇಗಾಗುತ್ತದೆ ಸಾರ್?

ಸರಗೂರು_ಶ್ರೀಗಂಧ
ಓದುತ್ತಾ ಬಂದೆ. ನನ್ನದು ಬೇರೆ ಚಿಂತೆ. 2001ರಲ್ಲಿ ಕಾನೂನು ತಿದ್ದಿ, ಬೆಳೆದವನೇ ಮಾಲೀಕ ಎಂದ ಮೇಲೆ ಧೈರ್ಯ ಮಾಡಿ ಗಂಧದ ಸಸಿ ಹಾಕಿದವರಲ್ಲಿ ನಾನೂ ಒಬ್ಬ. ಗಂಧ ತಾನೇ ಬೇರು ಬಿಟ್ಟು ಬದುಕುವುದಿಲ್ಲ, ಪಕ್ಕದ ಗಿಡದ ಬೇರಿಗೆ ಬಾಯಿ ಹಾಕುತ್ತದೆ. ಅದಕ್ಕೂ ಆಸರೆ ಗಿಡ ಬೆಳೆಸಬೇಕು, ಕಳ್ಳರನ್ನು ಕಾಯಬೇಕು. ಚೇಗಿನಲ್ಲಿ ಎಣ್ಣೆ ಕೂರಲು ಹದಿನೈದು ವರ್ಷವಾದರೂ ಬೇಕು. ಈಗ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಹಾಕಿ ಗಂಧದ ಎಣ್ಣೆ ಮಾಡುತ್ತಾರಂತೆ. ನಿಜವಾ? ನಮ್ಮ ಗತಿ ಏನು?

ಮಣ್ಣಿನ_ವಾಸನೆ
ನಿಜ ಅಣ್ಣಾ, ಮುಚ್ಚಿಡುವುದಿಲ್ಲ. ಗಂಧದ ಎಣ್ಣೆಯಲ್ಲಿ ಮುಖ್ಯ ಅಣುಗಳು ಆಲ್ಫಾ ಸಾಂಟಲಾಲ್ ಮತ್ತು ಬೀಟಾ ಸಾಂಟಲಾಲ್. ಮರ ಮೊದಲು ಸಾಂಟಲೀನ್ ಮಾಡುತ್ತದೆ. ಆ ಎಂಜೈಮ್‌ನ ಜೀನ್ 2011ರಲ್ಲಿ ಸಿಕ್ಕಿತು. ಅದಕ್ಕೆ ಸರಿಯಾದ ಕಡೆ ಓಎಚ್ ಸೇರಿಸುವ ಎಂಜೈಮ್‌ನ ಜೀನ್ 2016ರಲ್ಲಿ ಸಿಕ್ಕಿತು. ಇಡೀ ಜೀನೋಮ್ 2018ರಲ್ಲಿ ಪ್ರಕಟವಾಯಿತು, ಅದು ಬೆಂಗಳೂರಿನ ವಿಜ್ಞಾನಿಗಳ ಕೆಲಸ. ಜೀನ್ ಗೊತ್ತಾದ ಮೇಲೆ ಬೇರೆ ಜೀವಿಗೆ ಹಾಕಬಹುದು. 2020ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಹುದುಗಿಸಿ ಮಾಡಿದ ಸಾಂಟಲಾಲ್ ಮಾರುಕಟ್ಟೆಗೆ ಬಿಟ್ಟಿತು.

ಗಂಗೋತ್ರಿ_ಹಳಬ
ಇಲ್ಲಿ ಒಂದು ಚರಿತ್ರೆ ಹೇಳಲೇಬೇಕು. ಮೊದಲ ಮಹಾಯುದ್ಧಕ್ಕೆ ಮೊದಲು ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ದಾರಿ ಮುಚ್ಚಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಕೆಮಿಸ್ಟ್‌ಗಳು ಇಲ್ಲೇ ಬಟ್ಟಿ ಇಳಿಸುವ ವಿಧಾನ ಮಾಡಿಕೊಟ್ಟರು. ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಎಣ್ಣೆ ಕಾರ್ಖಾನೆ ಶುರುವಾಯಿತು, 1916ರಲ್ಲಿ. ನೂರು ವರ್ಷದ ಮೇಲೆ ಅದೇ ಎಣ್ಣೆಯ ಅಣು ಮತ್ತೆ ಜರ್ಮನ್ ಕಂಪನಿಯ ಹೆಸರಿನಲ್ಲಿ ಬರುತ್ತಿದೆ. ನೀಲಿಯ ಕಥೆ ನೆನಪಿಡಿ. ಇದೇ ಬಿಎಎಸ್‌ಎಫ್ 1897ರಲ್ಲಿ ಕೃತಕ ನೀಲಿ ಬಣ್ಣ ಮಾರಲು ಶುರು ಮಾಡಿತು. ಕೆಲವೇ ವರ್ಷದಲ್ಲಿ ಬಿಹಾರದ ನೀಲಿ ಬೆಳೆ ಕುಸಿಯಿತು. ಸರಗೂರಿನವರ ಭಯ ಸುಳ್ಳಲ್ಲ.

ಫಾರ್ಮಾ_ಅಕ್ಕ
ಹಳಬರೇ, ಉಲ್ಟಾ ಉದಾಹರಣೆಯೂ ಇದೆ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್. ಗಿಡದ ಜೀನ್‌ಗಳನ್ನು ಯೀಸ್ಟ್‌ಗೆ ಹಾಕಿ ಜೇ ಕೀಸ್ಲಿಂಗ್ ಮತ್ತು ಜೊತೆಗಾರರು ಅದರ ಮುಂಚಿನ ಅಣು ಮಾಡಿಸಿದರು. 2013ರ ಹೊತ್ತಿಗೆ ಲೀಟರಿಗೆ 25 ಗ್ರಾಂ ಬರುತ್ತಿತ್ತು. ಸನೋಫಿ ಕಂಪನಿ ಇಟಲಿಯಲ್ಲಿ ಕಾರ್ಖಾನೆಯನ್ನೇ ನಡೆಸಿತು. ಆಮೇಲೆ ರೈತರು ಬೆಳೆದ ಗಿಡದ ಆರ್ಟೆಮಿಸಿನಿನ್ ಬೆಲೆ ಇಳಿಯಿತು. 2015ರಲ್ಲಿ ಆ ಕಾರ್ಖಾನೆಯಲ್ಲಿ ಆರ್ಟೆಮಿಸಿನಿನ್ ತಯಾರಾಗಲೇ ಇಲ್ಲ. ಜೀನೋಮ್ ಗೊತ್ತಿದ್ದ ಮಾತ್ರಕ್ಕೆ ಟ್ಯಾಂಕ್ ಗೆಲ್ಲುತ್ತದೆ ಎಂದೇನಿಲ್ಲ.

ಸರಗೂರು_ಶ್ರೀಗಂಧ
ಬೆಲೆ ಇಳಿದು ರೈತ ಗೆದ್ದ ಎಂದರೆ ಅದು ಎಂಥ ಗೆಲುವು ಅಕ್ಕ? ಟ್ಯಾಂಕ್ ಸೋತಿತು, ಅಷ್ಟೇ. ರೈತನ ಜೇಬಿಗೆ ಏನು ಬಂತು?

ಗಂಗೋತ್ರಿ_ಹಳಬ
ಇದು ಸರಿಯಾದ ಮಾತು.

ನಂಜನಗೂಡು_ಪ್ರೊಸೆಸ್
ಕೆಮಿಸ್ಟ್ ಆಗಿ ಒಂದು ಮಾತು. ಮರದ ಎಣ್ಣೆಯಲ್ಲಿ ಸಾಂಟಲಾಲ್ ಒಂದೇ ಇಲ್ಲ, ಸಣ್ಣ ಪ್ರಮಾಣದ ಎಷ್ಟೋ ಅಣುಗಳಿವೆ. ಟ್ಯಾಂಕಿನದನ್ನು ಮರದ್ದು ಎಂದು ಮಾರಿದರೆ ಹಿಡಿಯುವ ದಾರಿಯೂ ಇದೆ. ಕಬ್ಬು ಮತ್ತು ಗಂಧ ಕಾರ್ಬನ್ ಹಿಡಿಯುವ ರೀತಿ ಬೇರೆ. ಕಬ್ಬಿನ ಸಕ್ಕರೆಯಲ್ಲಿ ಕಾರ್ಬನ್-13 ಪ್ರಮಾಣ ಸ್ವಲ್ಪ ಜಾಸ್ತಿ. ಕಬ್ಬಿನ ಸಕ್ಕರೆ ಹಾಕಿ ಹುದುಗಿಸಿದರೆ ಸಾಂಟಲಾಲ್‌ನಲ್ಲೂ ಆ ಗುರುತು ಉಳಿಯುತ್ತದೆ. ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಹಿಡಿಯುವುದೂ ಹೀಗೇ. ಬೀಟ್‌ರೂಟ್ ಸಕ್ಕರೆ ಹಾಕಿದ್ದರೆ ಮಾತ್ರ ಈ ಗುರುತು ಸಿಗುವುದಿಲ್ಲ, ಬೇರೆ ಪರೀಕ್ಷೆ ಬೇಕು. ಮೈಸೂರು ಗಂಧದ ಎಣ್ಣೆಗೆ ಜಿಐ, ಅಂದರೆ ಊರಿನ ಹೆಸರನ್ನು ಕಾಯುವ ಗುರುತು, ಇದೆ. ಆ ಹೆಸರನ್ನು ಕಾಯಲು ಇಂಥ ಪರೀಕ್ಷೆ ಮಾಡುವ ಕೆಮಿಸ್ಟ್‌ಗಳು ನಮ್ಮೂರಿನಲ್ಲೇ ಇರಬೇಕು.

ಕಾಳಿದಾಸ_ರಸ್ತೆ
ಜೀನ್ ನಮ್ಮ ಮರದ್ದು, ದುಡ್ಡು ಅವರಿಗೆ. ಇದಕ್ಕೆ ಕಾನೂನು ಇಲ್ಲವಾ?

ಗಂಗೋತ್ರಿ_ಹಳಬ
2002ರ ಜೀವವೈವಿಧ್ಯ ಕಾಯ್ದೆ ಇದೆ. ಮರ, ಬೀಜ, ಬ್ಯಾಕ್ಟೀರಿಯಾ ಹೊರಗೆ ತೆಗೆದುಕೊಂಡು ಹೋದರೆ ಕೇಳಬಹುದು. ಆದರೆ ಜೀನೋಮ್ ಅಕ್ಷರಗಳು ಡೇಟಾಬೇಸ್‌ನಲ್ಲಿವೆ. ಯಾರೂ ಕಾಡಿಗೆ ಬರಬೇಕಿಲ್ಲ, ಅಕ್ಷರ ಇಳಿಸಿಕೊಂಡು ಜೀನನ್ನು ಕಟ್ಟಿಸಿಕೊಂಡರೆ ಆಯಿತು. ಇದೇ ಜಗಳ ಜಗತ್ತಿನಾದ್ಯಂತ ನಡೆಯಿತು. 2024ರಲ್ಲಿ ಕೊಲಂಬಿಯಾದ ಕಾಲಿ ನಗರದ ಸಮ್ಮೇಳನದಲ್ಲಿ ಒಂದು ನಿಧಿ ಮಾಡಿದರು. ಇಂಥ ಮಾಹಿತಿಯಿಂದ ಲಾಭ ಮಾಡುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ವಹಿವಾಟಿನ ಶೇ. 0.1 ಕೊಡಬೇಕು ಎಂದು ಹೇಳಿದರು. ಕಡ್ಡಾಯ ಅಲ್ಲ. ಇಷ್ಟವಿದ್ದರೆ ಕೊಡುವುದು. ನನಗೆ ಇದು ಸಾಲದು.

ಮಣ್ಣಿನ_ವಾಸನೆ
ಅಕ್ಷರಗಳನ್ನು ಮುಚ್ಚಿಟ್ಟರೆ ನಮ್ಮಂಥ ಸಣ್ಣ ಲ್ಯಾಬಿನವರಿಗೇ ಮೊದಲು ಪೆಟ್ಟು. ನಾನು ದಿನಾ ಬಳಸುವುದು ಬೇರೆ ದೇಶದವರು ಪುಕ್ಕಟೆ ಹಾಕಿದ ಡೇಟಾ. ತೆರೆದೇ ಇರಲಿ, ಆದರೆ ದುಡ್ಡು ಕೊಡುವುದು ಕಡ್ಡಾಯವಾಗಲಿ.

ಸರಗೂರು_ಶ್ರೀಗಂಧ
ಅದು ಆಗುವ ಹೊತ್ತಿಗೆ ನನ್ನ ಮರ ಬಲಿತಿರುತ್ತದೆ. ಆದರೂ ನೀವು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು.

ಓಟಿ_ಟೆಕ್ನಿಷಿಯನ್
ಸ್ವಲ್ಪ ಬೇರೆ ವಿಷಯ, ಆದರೆ ಜೀನು, ಕೆಮಿಸ್ಟ್ರಿ ಎರಡೂ ಇದೆ. ಆಪರೇಷನ್ ಮಾಡುವಾಗ ಸ್ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಾರೆ. ರಕ್ತದ ಒಂದು ಎಂಜೈಮ್ ಅದನ್ನು ಕೆಲವೇ ನಿಮಿಷದಲ್ಲಿ ಒಡೆಯುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಆ ಎಂಜೈಮ್‌ನ ಜೀನ್‌ನಲ್ಲಿ ಒಂದು ಬದಲಾವಣೆ ಇದೆ. ಅವರಿಗೆ ಗಂಟೆಗಟ್ಟಲೆ ಉಸಿರಾಟ ಬರುವುದಿಲ್ಲ, ವೆಂಟಿಲೇಟರ್‌ನಲ್ಲೇ ಇಡಬೇಕು. ಇದು ಚೆನ್ನಾಗಿ ಅಧ್ಯಯನವಾದ ವಿಷಯ, ಗಾಬರಿಯಾಗಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ, ಸಾಕು. ಬೇರೆ ಔಷಧಿಗಳಿವೆ.

ಮಂಡ್ಯ_ಮೇಷ್ಟ್ರು
ಆ ಬೇರೆ ಔಷಧಿಗಳಲ್ಲಿ ಅಟ್ರಾಕ್ಯೂರಿಯಂ ಒಂದು ಅಲ್ವಾ? ಅದು ನನಗೆ ಇಷ್ಟವಾದ ಅಣು. ಸ್ಕಾಟ್ಲೆಂಡಿನಲ್ಲಿ ಸ್ಟೆನ್‌ಲೇಕ್ ಎಂಬವರು ಬೇಕೆಂದೇ ಹಾಗೆ ಕಟ್ಟಿದರು. ಲಿವರ್, ಕಿಡ್ನಿ, ಎಂಜೈಮ್ ಯಾವುದರ ಹಂಗೂ ಪೂರ್ತಿ ಇಲ್ಲದೆ, ರಕ್ತದ ಪಿಎಚ್ ಮತ್ತು ಮೈ ಬಿಸಿಯಲ್ಲೇ ಒಡೆಯುವ ಹಾಗೆ. ಯಾವ ರಿಯಾಕ್ಷನ್ ಗೊತ್ತಾ? ಹಾಫ್‌ಮನ್ ಎಲಿಮಿನೇಷನ್! ನಮ್ಮ ಹುಡುಗರು ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಅದೇ ಹಾಫ್‌ಮನ್.

ಪಾಂಡವಪುರ_ಹುಡುಗಿ
ಸಾರ್ ಇದನ್ನು ಕ್ಲಾಸಿನಲ್ಲಿ ಹೇಳಿರಲಿಲ್ಲ!

ಬೆಲ್ಲದ_ಮನೆ
ಕಬ್ಬಿನ ಜೀನೋಮ್ ಓದಿದ್ದಾರಾ? ಮಂಡ್ಯದಲ್ಲಿ ಕೂತು ಕಬ್ಬು ಕೇಳದಿದ್ದರೆ ಹೇಗೆ.

ಮಣ್ಣಿನ_ವಾಸನೆ
ಓದಿದ್ದಾರೆ. ಆರ್570 ಎಂಬ ತಳಿಯದ್ದು 2024ರಲ್ಲಿ ಬಂತು. ತುಂಬಾ ತಡವಾಗಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಕ್ರೋಮೋಸೋಮ್ 46, ಅದರಲ್ಲಿ ಸುಮಾರು 114. ಎರಡು ಜಾತಿ ಬೆರೆತು, ಒಂದೇ ಜೀನ್‌ಗೆ ಹಲವು ಪ್ರತಿಗಳಿವೆ. ಬಿಡಿಸುವುದು ಬಹಳ ಕಷ್ಟ. ರವದಿ, ಸಿಪ್ಪೆಯಲ್ಲಿರುವ, ಗಿಡವನ್ನು ಗಟ್ಟಿ ಮಾಡುವ ಲಿಗ್ನಿನ್ ಎಷ್ಟಿರಬೇಕು, ಯಾವ ತರಹದ್ದಿರಬೇಕು ಎಂದು ಹಿಡಿತಕ್ಕೆ ತರಲು ಆ ಓದು ಬೇಕು. ಸಿಪ್ಪೆಯಿಂದ ಎಥನಾಲ್ ತೆಗೆಯುವಾಗ ಅಡ್ಡಿ ಮಾಡುವುದು ಲಿಗ್ನಿನ್ನೇ.

ಹೆಬ್ಬಾಳ್_ಹುಡುಗ
ಇವೆಲ್ಲ ಕಲಿಯಲು ಕಂಪ್ಯೂಟರ್ ಕೋಡಿಂಗ್ ಬರಬೇಕಾ? ಅದಕ್ಕೂ ಕೋರ್ಸ್ ಫೀಸ್ ಕಟ್ಟಬೇಕಾ?

ಮಣ್ಣಿನ_ವಾಸನೆ
ಶುರು ಮಾಡಲು ಬೇಡ. ಆಂಟಿಸ್ಮ್ಯಾಶ್ ಎಂಬ ತಂತ್ರಾಂಶ 2011ರಿಂದ ಇದೆ, ಪುಕ್ಕಟೆ. ಬ್ಯಾಕ್ಟೀರಿಯಾ ಜೀನೋಮ್ ಕೊಟ್ಟರೆ ಅಣು ಮಾಡುವ ಜೀನ್ ಗುಂಪುಗಳನ್ನು ಹುಡುಕಿ ಚಿತ್ರ ಹಾಕಿ ತೋರಿಸುತ್ತದೆ. ಜೀನೋಮ್‌ಗಳು ಜೀನ್‌ಬ್ಯಾಂಕ್‌ನಲ್ಲಿ ಪುಕ್ಕಟೆ. ಪ್ರೋಟೀನ್ ಆಕಾರ ನೋಡಲು ಆಲ್ಫಾಫೋಲ್ಡ್ ಡೇಟಾಬೇಸ್, ಅದೂ ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪ್, ನೆಟ್ ಇದ್ದರೆ ಸಾಕು. ಫೀಸ್ ಕೇಳುವವರ ಹತ್ತಿರ ಹೋಗಬೇಡಿ.

ಮಂಡ್ಯ_ಮೇಷ್ಟ್ರು
ಹಾಗಾದರೆ ನನ್ನ ತೀರ್ಮಾನ ಹೇಳುತ್ತೇನೆ. ಹುಡುಗಿ ಕೆಮಿಸ್ಟ್ರಿಗೇ ಅರ್ಜಿ ಹಾಕಲಿ, ಅವಳಿಗೂ ಅದೇ ಇಷ್ಟ. ಈ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಟೈಟ್ರೇಷನ್ ಬದಲು ಇದನ್ನೇ ಕೊಡುತ್ತೇನೆ. ಸೀಲಿಕಲರ್ ಜೀನೋಮ್ ಇಳಿಸಿಕೊಂಡು, ಆಂಟಿಸ್ಮ್ಯಾಶ್‌ಗೆ ಹಾಕಿ, ಒಂದು ಜೀನ್ ಗುಂಪು ಆರಿಸಿ, ಅಣುವಿನ ರಚನೆ ಮತ್ತು ಮೆಕ್ಯಾನಿಸಂ ಕಾಗದದ ಮೇಲೆ ಬರೆಯಬೇಕು. ಕಂಪ್ಯೂಟರ್ ಹೇಳಿದ್ದು ಎಲ್ಲಿ ತಪ್ಪಿರಬಹುದು ಎಂದೂ ಬರೆಯಬೇಕು. ಮಣ್ಣಿನ_ವಾಸನೆ ಮೇಡಂ, ಒಂದು ಭಾನುವಾರ ಕಾಲೇಜಿಗೆ ಬಂದು ಮಕ್ಕಳಿಗೆ ತೋರಿಸಿಕೊಡಲು ಆಗುತ್ತದಾ? ಬಸ್ ಚಾರ್ಜು, ಊಟ ನಮ್ಮದು.

ಮಣ್ಣಿನ_ವಾಸನೆ
ಖಂಡಿತ ಬರುತ್ತೇನೆ ಸಾರ್. ಒಂದು ಕಂಡೀಷನ್, ಮಕ್ಕಳೆಲ್ಲ ಜಿಯೋಸ್ಮಿನ್ ಬಾಣ ಹಾಕಿಕೊಂಡೇ ಬರಬೇಕು.

ನಂಜನಗೂಡು_ಪ್ರೊಸೆಸ್
ನಾನೂ ಬರುತ್ತೇನೆ. ಕೊಬ್ಬರಿ ಎಣ್ಣೆ, ನೀರು, ಒಂದಿಷ್ಟು ಮೊಟ್ಟೆಯ ಬಿಳಿ ತರುತ್ತೇನೆ. ಬೆರೆಸಿ ಅಲ್ಲಾಡಿಸಿ, ಬೇರೆ ಮಾಡಲು ಕೊಡುತ್ತೇನೆ. ಆಗ ನೋಡೋಣ.

ಪಾಂಡವಪುರ_ಹುಡುಗಿ
ಅಕ್ಕ, ಬಾಣ ಹಾಕಿದೆ. ಅಸಿಟೋನ್ ಬಿಡುವ ಜಾಗ ಸಿಕ್ಕಿತು! ಆದರೆ ಆಮೇಲೆ ನೀರು ಯಾವ ಕಾರ್ಬನ್‌ಗೆ ಬಂದು ಸೇರುತ್ತದೆ ಎಂಬಲ್ಲಿ ಡೌಟ್ ಇದೆ. ಫೋಟೋ ಹಾಕಲಾ?

ಮಣ್ಣಿನ_ವಾಸನೆ
ಹಾಕು, ಇಲ್ಲೇ ಹಾಕು. ಎಲ್ಲರೂ ನೋಡಲಿ.